ಅನುಮಾನವೇ ಇಲ್ಲ

ಬೆಳಿಗ್ಗೆ ಹಿಂದಿ ಚಾನೆಲ್‌ನಲ್ಲಿ 'ಭಾರೀ ಬಾರಿಶ್ ಕಾ ಅನುಮಾನ್' ಅಂತ ಅಕ್ಷರ ಓಡುತ್ತಿತ್ತು. ಅಪ್ಪ ಅದನ್ನು ಓದಿ, "ಮಳೆ ಬರೋದು ಅನುಮಾನವಂತೆ, ಕೊಡೆ ಬೇಡ ಬಿಡು" ಅಂದರು. ಚಾನೆಲ್‌ನವರು ಹೇಳಿದ್ದು ಜೋರು ಮಳೆಯ ಅಂದಾಜಿದೆ ಅಂತ!

ಸಂಸ್ಕೃತದಲ್ಲೂ ಅನುಮಾನ ಅಂದ್ರೆ ಡೌಟಲ್ಲ. ನ್ಯಾಯಶಾಸ್ತ್ರದವರ (ಕೋರ್ಟಿನ ನ್ಯಾಯವಲ್ಲ, ತರ್ಕದ ಶಾಸ್ತ್ರ) ಹಳೇ ಉದಾಹರಣೆ ಇದೆಯಲ್ಲ, ಗುಡ್ಡದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಅಂತ ತಿಳಿಯೋದು. ಬೆಂಕಿ ಕಣ್ಣಿಗೆ ಬಿದ್ದಿಲ್ಲ. ಆದರೂ ಇದೆ, ಗ್ಯಾರಂಟಿ. ಅದು ಅನುಮಾನ. ಅವರಿಗೆ ಅದು ಪ್ರಮಾಣ, ಸರಿಯಾಗಿ ತಿಳಿಯುವ ದಾರಿ. ಡೌಟಿಗೆ ಅವರಿಟ್ಟ ಹೆಸರು ಬೇರೆ, ಸಂಶಯ. ಮಬ್ಬಿನಲ್ಲಿ ದೂರ ನಿಂತಿರೋದು ಮೋಟು ಮರವೋ, ಮನುಷ್ಯನೋ?

ಕನ್ನಡಕ್ಕೆ, ತೆಲುಗಿಗೂ, ಬಂದ ಮೇಲೆ ಅನುಮಾನ ಸಂಶಯದ ಪಾಲಾಯಿತು. ಕಾರಣ ನನಗೆ ಗೊತ್ತು ಬಿಡಿ. ಹೊಗೆ ಕಂಡ ಕೂಡಲೇ ಬೆಂಕಿ ಹಚ್ಚಿದ್ದು ಯಾರು ಅಂತ ಕೇಳೋ ಜನ ನಾವು!

ಅದೂ ಸಾಲದು ಅಂತ ಪಾರಸಿಯ 'ಗುಮಾನ್' ತಂದು ಗುಮಾನಿ ಮಾಡಿಕೊಂಡೆವು. ಪೊಲೀಸರ ಸುದ್ದಿ ಬರೆಯೋಕೆ ಅದೇ ಜಾಸ್ತಿ ಒಪ್ಪುತ್ತೆ, ಅಲ್ವಾ?