ಒಂದೇ ಹಾಡನ್ನು ಇಷ್ಟು ಸಲ ಏಕೆ ಕೇಳುತ್ತೀರಿ?

ಮನೆಗೆ ಬಂದವರು ಹಾಡು ಹುಡುಕಲೆಂದು ನನ್ನ ಫೋನನ್ನು ಕೈಗೆ ತೆಗೆದುಕೊಂಡಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಪಟ್ಟಿಯಲ್ಲಿ 'ಬಾಡಿ ಅಂಡ್ ಸೋಲ್' ಎಂಬ ಹೆಸರು ಒಂದರ ಕೆಳಗೊಂದು ಮೂವತ್ತೊಂದು ಸಲ ಕಾಣಿಸುತ್ತದೆ. 'ಇದೆಲ್ಲ ಒಂದೇ ಹಾಡೇ? ಒಂದು ಸಾಲದೇ?' ಎನ್ನುತ್ತಾರೆ. ಸ್ವಲ್ಪ ಆತುರದವರಾದರೆ 'ಒರಿಜಿನಲ್ ಯಾವುದೋ ಅದನ್ನೇ ಹಾಕಿ ಸಾರ್, ಮಿಕ್ಕಿದ್ದೆಲ್ಲ ಯಾಕೆ' ಎಂದುಬಿಡುತ್ತಾರೆ. ತೊಡಕಿರುವುದು ಅಲ್ಲಿಯೇ. ಈ ಹಾಡಿಗೆ ಒರಿಜಿನಲ್‌ಗಳು ಎರಡು. ಒಂದನ್ನು 1930ರಲ್ಲಿ ಕಾಗದದ ಮೇಲೆ ಬರೆದರು, ಇನ್ನೊಂದನ್ನು 1939ರ ಅಕ್ಟೋಬರ್ 11ರಂದು ನ್ಯೂಯಾರ್ಕಿನ ಸ್ಟುಡಿಯೋ ಒಂದರಲ್ಲಿ ಕೋಲ್ಮನ್ ಹಾಕಿನ್ಸ್ ಎಂಬವರು ಸ್ಯಾಕ್ಸೊಫೋನಿನಲ್ಲಿ ನುಡಿಸಿದರು. ಆ ಬಳಿಕ ಈ ಹಾಡನ್ನು ಎತ್ತಿಕೊಂಡ ಜಾಝ್ ಕಲಾವಿದರಲ್ಲಿ ಹೆಚ್ಚಿನವರು ಉತ್ತರ ಕೊಡುತ್ತಿರುವುದು ಕಾಗದಕ್ಕಲ್ಲ, ಆ ಸ್ಯಾಕ್ಸೊಫೋನಿಗೆ. ಉತ್ತರಗಳನ್ನು ಕೇಳಬೇಕೆಂದರೆ ಒಂದು ರೆಕಾರ್ಡಿಂಗ್ ಸಾಲುವುದಿಲ್ಲ.

ಮೊದಲು ಕಾಗದದ ವಿಷಯ. ಜಾನಿ ಗ್ರೀನ್ ಎಂಬ ಅಮೆರಿಕನ್ ಸಂಯೋಜಕ ಇದರ ಸ್ವರ ಹಾಕಿದಾಗ ಆತನಿಗೆ ಇಪ್ಪತ್ತೊಂದರ ಆಸುಪಾಸಿನ ವಯಸ್ಸು. ಸಾಹಿತ್ಯಕ್ಕೆ ಎಡ್ವರ್ಡ್ ಹೇಮನ್, ರಾಬರ್ಟ್ ಸೌರ್ ಮತ್ತು ಫ್ರಾಂಕ್ ಐಟನ್ ಎಂಬ ಮೂವರ ಹೆಸರಿದೆ. ಗರ್ಟ್ರೂಡ್ ಲಾರೆನ್ಸ್ ಎಂಬ ಬ್ರಿಟಿಷ್ ನಟಿಗಾಗಿ ನ್ಯೂಯಾರ್ಕಿನಲ್ಲಿ ಬರೆದ ಈ ಹಾಡನ್ನು ಆಕೆ ಲಂಡನ್ನಿಗೆ ಒಯ್ದುದರಿಂದ, ಅಮೆರಿಕದಲ್ಲಿ ಹುಟ್ಟಿದ ಹಾಡು ಮೊದಲು ಹೆಸರಾದದ್ದು ಇಂಗ್ಲೆಂಡಿನ ನೃತ್ಯ ವಾದ್ಯವೃಂದಗಳ ಮೂಲಕ. 1930ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ನಾಟಕರಂಗವಾದ ಬ್ರಾಡ್‌ವೇಯ 'ತ್ರೀಸ್ ಎ ಕ್ರೌಡ್' ಎಂಬ ಪ್ರದರ್ಶನದಲ್ಲಿ ಲಿಬ್ಬಿ ಹಾಲ್ಮನ್ ಹಾಡಿದ ಮೇಲೆ ತವರಿನಲ್ಲೂ ಮನೆಮಾತಾಯಿತು. ಸಾಹಿತ್ಯದ ತಿರುಳು ಸರಳವಾದದ್ದು: ನಿನ್ನ ನೆನಪಿನಲ್ಲಿ ಒಬ್ಬಂಟಿಯಾಗಿ ಕುಳಿತಿದ್ದೇನೆ, ನನ್ನ ತನು ಮನ ಎರಡೂ ನಿನ್ನವೇ, ನೀನು ಮಾತ್ರ ತಿರುಗಿಯೂ ನೋಡುವುದಿಲ್ಲ. ಮೂವರು ಸೇರಿ ಬರೆದದ್ದಕ್ಕೋ ಏನೋ, ಸಾಲುಗಳು ಒಂದೇ ಪಾಠದಲ್ಲಿ ನಿಂತಿಲ್ಲ. ಮಧ್ಯಭಾಗದ ಸಾಲುಗಳನ್ನು ಒಬ್ಬೊಬ್ಬ ಗಾಯಕಿ ಒಂದೊಂದು ಬಗೆಯಲ್ಲಿ ಹಾಡುವುದನ್ನು ಕೇಳುತ್ತೇವೆ. ನಿಜ ಹೇಳಬೇಕೆಂದರೆ ಇದು ಮಹಾ ಕಾವ್ಯವೇನೂ ಅಲ್ಲ. ಹಾಡು ಉಳಿದದ್ದು ಸ್ವರದ ಬಲದಿಂದ.

ಆ ಸ್ವರದಲ್ಲಿ ಏನಿದೆ ಎಂಬುದನ್ನು ನನಗೆ ಅರ್ಥ ಮಾಡಿಸಿದವರು ಜಾಝ್ ಎಂಬ ಹೆಸರನ್ನೇ ಹೆಚ್ಚು ಕೇಳಿರದ ನನ್ನ ಸೋದರಮಾವ. ಊರಿನ ಭಜನೆಗೆ ಹಾರ್ಮೋನಿಯಂ ನುಡಿಸುವ ಅವರಿಗೆ ಯಾವ ಹಾಡು ಕಿವಿಗೆ ಬಿದ್ದರೂ ಮೊದಲು ಶ್ರುತಿ ಹುಡುಕುವ ಚಟ. ಒಂದು ಸಂಜೆ ಇದನ್ನು ಹಾಕಿದಾಗ ಪೆಟ್ಟಿಗೆಯ ಮುಂದೆ ಕುಳಿತು, ಒಂದೆರಡು ಮನೆಗಳನ್ನು ಒತ್ತಿ ನೋಡಿ, 'ಕಪ್ಪು ಒಂದು' ಎಂದು ತೀರ್ಮಾನಿಸಿ ಷಡ್ಜ ಹಿಡಿದು ಕುಳಿತರು. ಸ್ವಲ್ಪ ಹೊತ್ತು ಎಲ್ಲವೂ ಚೆನ್ನಾಗಿತ್ತು. ಮೊದಲ ನಿಮಿಷ ಮುಗಿಯುವ ಮುನ್ನವೇ ಅವರ ಮುಖ ಹುಳಿ ತಿಂದವರಂತಾಯಿತು. 'ಇವನು ಶ್ರುತಿ ಬಿಟ್ಟನಲ್ಲೋ!' ಎಂದರು.

ಬಿಟ್ಟಿರಲಿಲ್ಲ, ಬದಲಾಯಿಸಿದ್ದ. ಹಾಡಿನ ಒಂದು ಸುತ್ತಿಗೆ ನಾಲ್ಕೆಣಿಕೆಯ 32 ಬಾರ್‌ಗಳು; ಎಂಟೆಂಟರ ನಾಲ್ಕು ಭಾಗಗಳಲ್ಲಿ ಮೊದಲನೆಯದು, ಎರಡನೆಯದು, ನಾಲ್ಕನೆಯದು ಹೆಚ್ಚುಕಡಿಮೆ ಒಂದೇ. ಮೂರನೆಯದಕ್ಕೆ ಸೇತುವೆ ಎಂಬರ್ಥದ ಬ್ರಿಜ್ ಎಂಬ ಹೆಸರಿದೆ, ಮತ್ತು ಈ ಹಾಡಿನ ಕುತ್ತು ಇರುವುದೇ ಆ ಸೇತುವೆಯ ಮೇಲೆ. ಕಪ್ಪು ಒಂದರಲ್ಲಿ ಆರಾಮವಾಗಿ ನಡೆಯುತ್ತಿದ್ದ ಹಾಡು ಅಲ್ಲಿ ಅರ್ಧ ಸ್ವರ ಮೇಲಕ್ಕೆ, ಬಿಳಿ ಎರಡಕ್ಕೆ ಜಿಗಿಯುತ್ತದೆ. ನಾಲ್ಕು ಬಾರ್ ಕಳೆಯುತ್ತಲೇ ಬಿಳಿ ಒಂದಕ್ಕೆ ಇಳಿಯುತ್ತದೆ. ಕೊನೆಗೆ ಅರ್ಧರ್ಧ ಸ್ವರ ಜಾರುವ ಮೂರು ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛಗಳನ್ನು, ಮೆಟ್ಟಿಲು ಮಾಡಿಕೊಂಡು, ಏನೂ ನಡೆದೇ ಇಲ್ಲವೆಂಬಂತೆ ಮನೆಗೆ ಮರಳುತ್ತದೆ. ತಂಬೂರಿಯ ನೆರಳಿನಲ್ಲಿ ಬೆಳೆದ ಕಿವಿಗೆ ಆಧಾರ ಷಡ್ಜವೇ ನಡುವೆ ಎದ್ದು ಹೋಗುವುದು ಅಪಚಾರದಂತೆ ಕೇಳಿಸುವುದು ಸಹಜ. ನುಡಿಸುವವನಿಗೆ ಮಾತ್ರ ಅದೊಂದು ಸವಾಲು. ಎಂಟು ಬಾರ್‌ಗಳೊಳಗೆ ಎರಡು ಪರವೂರುಗಳಿಗೆ ಹೋಗಿ, ಎಡವದೆ ಹಿಂದಿರುಗಬೇಕು.

ಮಾವನ ಎರಡನೆಯ ಆಕ್ಷೇಪ ಇನ್ನೂ ಸೂಕ್ಷ್ಮವಾಗಿತ್ತು. ಹಾಡು ಮುಗಿದ ಮೇಲೆ, 'ಎಲ್ಲ ಸರಿ, ಇದರಲ್ಲಿ ಹಾಡು ಎಲ್ಲಿ ಬಂತು?' ಎಂದು ಕೇಳಿದರು. ನಾನು ಹಾಕಿದ್ದು ಕೋಲ್ಮನ್ ಹಾಕಿನ್ಸ್ ನುಡಿಸಿದ, ಮೇಲೆ ಹೇಳಿದ 1939ರ ರೆಕಾರ್ಡು. ಹಾಡು ಅದರಲ್ಲಿ ಮೊದಲ ಕೆಲವು ಬಾರ್‌ಗಳಲ್ಲಿ ಸುಳಿದು ಹೋಗುತ್ತದೆ, ಅಷ್ಟೇ.

ಇದಕ್ಕೂ ಮೊದಲು ಜಾಝ್‌ನವರು ಈ ಹಾಡನ್ನು ಮುಟ್ಟಿರಲಿಲ್ಲವೆಂದಲ್ಲ. ಲೂಯಿ ಆರ್ಮ್‌ಸ್ಟ್ರಾಂಗ್ 1930ರ ಅಕ್ಟೋಬರಿನಲ್ಲೇ ಲಾಸ್ ಏಂಜಲೀಸಿನಲ್ಲಿ ಹಾಡಿ, ಟ್ರಂಪೆಟ್ ನುಡಿಸಿ ಧ್ವನಿಮುದ್ರಿಸಿದ್ದರು. ಆ ವರ್ಷ ಪಾಲ್ ವೈಟ್‌ಮನ್ ಅವರ ದೊಡ್ಡ ವಾದ್ಯವೃಂದದ ರೆಕಾರ್ಡು ಎಲ್ಲಕ್ಕಿಂತ ಜನಪ್ರಿಯವಾಯಿತು. ಇಂದು ಕೇಳಿದರೆ ಪಾಕ ಸ್ವಲ್ಪ ಹೆಚ್ಚಾಯಿತು ಎನ್ನಿಸುತ್ತದೆ. 1935ರಲ್ಲಿ ಬೆನ್ನಿ ಗುಡ್‌ಮನ್ ಕ್ಲಾರಿನೆಟ್, ಟೆಡ್ಡಿ ವಿಲ್ಸನ್ ಪಿಯಾನೊ ಮತ್ತು ಜೀನ್ ಕ್ರೂಪ ಡ್ರಮ್ಸ್ ಸೇರಿದ ತ್ರಯ ತಮ್ಮ ಮೊಟ್ಟಮೊದಲ ಧ್ವನಿಮುದ್ರಣಗಳಲ್ಲೇ ಇದನ್ನು ಆಯ್ದುಕೊಂಡಿತು. ಮಂದ್ರ ಸ್ವರ ಹಿಡಿಯುವ ಬೇಸ್ ವಾದ್ಯವಿಲ್ಲದ ಆ ಮೂವರ ನಡುವೆ ಎಷ್ಟು ಜಾಗವಿದೆಯೆಂದರೆ, ವಿಲ್ಸನ್ನರ ಎಡಗೈಯ ಒಂದೊಂದು ಸ್ವರವನ್ನೂ ಎಣಿಸಬಹುದು. ವಿಲ್ಸನ್ ಕಪ್ಪು ವರ್ಣೀಯರು, ಉಳಿದಿಬ್ಬರು ಬಿಳಿಯರು. ಅಂಥ ಮೂವರು ಒಟ್ಟಿಗೆ ವೇದಿಕೆಯ ಮೇಲೆ ಕಾಣಿಸಿಕೊಳ್ಳುವುದೇ ಅಂದಿನ ಅಮೆರಿಕದಲ್ಲಿ ಸಣ್ಣ ಸಂಗತಿಯಾಗಿರಲಿಲ್ಲ. ಇವರೆಲ್ಲ ಹಾಡನ್ನು ಅಲಂಕರಿಸಿದರು, ಹಿಗ್ಗಿಸಿದರು, ಆದರೆ ಅದರ ಕೈ ಬಿಡಲಿಲ್ಲ.

ಹಾಕಿನ್ಸ್ ಐದು ವರ್ಷ ಯುರೋಪಿನಲ್ಲಿದ್ದು 1939ರ ಬೇಸಿಗೆಯಲ್ಲಿ ನ್ಯೂಯಾರ್ಕಿಗೆ ಮರಳಿದವರು. ತಗ್ಗು ದನಿಯ ಟೆನರ್ ಸ್ಯಾಕ್ಸೊಫೋನಿಗೆ ಜಾಝ್‌ನಲ್ಲಿ ಒಂದು ಘನತೆ ತಂದುಕೊಟ್ಟವರು ಅವರೇ, ಆದರೆ ದೂರವಿದ್ದ ಅವಧಿಯಲ್ಲಿ ಚ್ಯೂ ಬೆರಿ, ಲೆಸ್ಟರ್ ಯಂಗ್ ಮುಂತಾದ ಕಿರಿಯರು ಮುಂದೆ ಬಂದಿದ್ದರು. ಬೆರಿಯಂತೂ 1938ರಲ್ಲಿ ರಾಯ್ ಎಲ್ಡ್ರಿಜ್ ಅವರ ಟ್ರಂಪೆಟ್ಟಿನ ಜೊತೆ ಇದೇ ಹಾಡನ್ನು, ನಡುವೆ ಕಾಲ ದುಪ್ಪಟ್ಟಾಗುವಂತೆ, ಸೊಗಸಾಗಿ ನುಡಿಸಿಟ್ಟಿದ್ದರು. ಇಂಥ ಹೊತ್ತಿನಲ್ಲಿ ಹಾಕಿನ್ಸ್ ಎಂಟು ಮಂದಿಯ ಮೇಳವನ್ನು ಕಟ್ಟಿಕೊಂಡು ಬ್ಲೂಬರ್ಡ್ ಎಂಬ ರೆಕಾರ್ಡ್ ಲೇಬಲ್ಲಿಗೆ ಧ್ವನಿಮುದ್ರಣ ಮಾಡಲು ಹೋದರು. ಜೀನ್ ರಾಜರ್ಸ್ ಪಿಯಾನೊದಲ್ಲಿ ನಾಲ್ಕು ಬಾರ್ ನುಡಿಸುತ್ತಾರೆ, ಸ್ಯಾಕ್ಸೊಫೋನ್ ಒಳಗೆ ಬರುತ್ತದೆ, ಮತ್ತೆ ಮುಗಿಯುವವರೆಗೆ ಬೇರಾರಿಗೂ ಸರದಿ ಸಿಗುವುದಿಲ್ಲ. ಅಂದಿನ ಹತ್ತಿಂಚಿನ, ನಿಮಿಷಕ್ಕೆ 78 ಸಲ ತಿರುಗುವ ತಟ್ಟೆಯಲ್ಲಿ ಹಿಡಿಸುತ್ತಿದ್ದದ್ದು ಮೂರು ನಿಮಿಷದ ಆಸುಪಾಸು. ಈ ವಿಳಂಬದಲ್ಲಿ ಎರಡು ಸುತ್ತು, ಅಂದರೆ 64 ಬಾರ್ ನುಡಿಸುವಷ್ಟರಲ್ಲಿ ತಟ್ಟೆ ತುಂಬಿತು.

ಅವರು ಮಾಡಿದ್ದನ್ನು ನಮ್ಮ ಕಛೇರಿಯ ಮಾತಿನಲ್ಲಿ ಹೇಳಬಹುದು. ಒಂದೇ ಕೀರ್ತನೆಯನ್ನು ನಾವು ಹತ್ತು ವಿದ್ವಾಂಸರಿಂದ ಹತ್ತು ಸಲ ಕೇಳಿ, ಒಬ್ಬೊಬ್ಬರ ಮನೋಧರ್ಮವನ್ನು ಮೆಚ್ಚುತ್ತೇವೆ. ನೆರವಲ್, ಸ್ವರಕಲ್ಪನೆ ಎಷ್ಟೇ ದೂರ ಹೋದರೂ ಪಲ್ಲವಿಗೆ ಬಂದು ಮುಟ್ಟುತ್ತದೆಂಬ ಭರವಸೆ ಇರುತ್ತದೆ. ವಿದ್ವಾಂಸರೊಬ್ಬರು ಪಲ್ಲವಿಯ ಮೊದಲ ಪದವನ್ನಷ್ಟೇ ಉಸುರಿ, ನೇರ ಕಲ್ಪನಾಸ್ವರಕ್ಕಿಳಿದು, ಕೀರ್ತನೆಯತ್ತ ಮರಳದೆಯೇ ಮಂಗಳ ಹಾಡಿದರೆ ಹೇಗಿರುತ್ತದೆ? ಹಾಕಿನ್ಸ್ ಹೆಚ್ಚುಕಡಿಮೆ ಅದನ್ನೇ ಮಾಡಿದರು. ಅವರು ಹಿಡಿದುಕೊಂಡದ್ದು ಹಾಡಿನ ಧಾಟಿಯನ್ನಲ್ಲ, ಗ್ರೀನ್ ಕಟ್ಟಿದ ಕಾರ್ಡ್‌ಗಳ ಸರಣಿಯನ್ನು, ಅಂದರೆ ಪ್ರತಿ ಒಂದೆರಡು ಎಣಿಕೆಗೆ ಬದಲಾಗುವ ಸ್ವರಗುಚ್ಛಗಳ ದಾರಿಯನ್ನು. ಪ್ರತಿ ಗುಚ್ಛವನ್ನೂ ಬಿಡಿಸಿ, ಅದರ ಸ್ವರಗಳನ್ನು ಏರಿಳಿಸಿ, ನಡುನಡುವೆ ದಾರಿಯಲ್ಲಿಲ್ಲದ ಸ್ವರಗಳನ್ನೂ ತಂದು ಪೋಣಿಸಿ, ಹೊಸದೊಂದು ಹಾಡನ್ನೇ ಕಟ್ಟಿದರು. ಮೊದಲ ಸುತ್ತಿನಲ್ಲಿ ದನಿ ಪಿಸುಮಾತಿನಷ್ಟು ಮೆತ್ತಗಿದೆ. ಎರಡನೆಯದರಲ್ಲಿ ಹಿಂದೆ ಉಳಿದ ವಾದ್ಯಗಳು ಉದ್ದುದ್ದ ಸ್ವರಗಳನ್ನು ಹಿಡಿಯುತ್ತಿದ್ದಂತೆ ಉಸಿರು ಬಿಗಿಯಾಗುತ್ತಾ, ಸ್ಥಾಯಿ ಏರುತ್ತಾ, ಕೊನೆಯ ಎಂಟು ಬಾರ್‌ಗಳಲ್ಲಿ ತುದಿ ಮುಟ್ಟುತ್ತದೆ. ಆಮೇಲೆ ಮೇಳ ಸುಮ್ಮನಾಗಿ ಸ್ಯಾಕ್ಸೊಫೋನ್ ಒಂದೇ ಕೆಲವು ಸ್ವರಗಳಲ್ಲಿ ಕೆಳಗಿಳಿಯುತ್ತದೆ.

ಅಚ್ಚರಿಯೆಂದರೆ ಈ ರೆಕಾರ್ಡು ಪಂಡಿತರಿಗಷ್ಟೇ ಅಲ್ಲ, ನಾಣ್ಯ ಹಾಕಿ ಹಾಡು ಕೇಳುವ ಸಾಮಾನ್ಯರಿಗೂ ಹಿಡಿಸಿತು. ಥೆಲೋನಿಯಸ್ ಮಂಕ್ ಹಾಕಿನ್ಸರ ಮೇಳದಲ್ಲಿ ಪಿಯಾನೊ ನುಡಿಸುತ್ತಿದ್ದವರು. ಅದರಲ್ಲಿ ಹಾಡಿನ ಧಾಟಿಯೇ ಇಲ್ಲವಲ್ಲ, ಆದರೂ ವಯಸ್ಸಾದವರೂ ಸೇರಿ ಎಲ್ಲರೂ ಹೇಗೆ ಮೆಚ್ಚಿಕೊಂಡರು ಎಂದು ಮಂಕ್ ತಮ್ಮನ್ನು ಕೇಳುತ್ತಿದ್ದುದನ್ನು ಹಾಕಿನ್ಸ್ ಮುಂದೆ ನೆನಪಿಸಿಕೊಂಡಿದ್ದಾರೆ. ಮಾವ ಕೇಳಿದ್ದೂ ಮಂಕ್ ಕೇಳಿದ್ದೂ ಒಂದೇ ಎಂದು ನಾನು ಹೇಳಿದಾಗ ಮಾವ ಸ್ವಲ್ಪ ಬೀಗಿದರು. 2004ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ರೆಕಾರ್ಡನ್ನು ತನ್ನ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು.

ಇನ್ನು ಮೂವತ್ತೊಂದು ಏಕೆ ಎಂಬುದಕ್ಕೆ ಬರುತ್ತೇನೆ. 1939ರ ಬಳಿಕ 'ಬಾಡಿ ಅಂಡ್ ಸೋಲ್' ಟೆನರ್ ಸ್ಯಾಕ್ಸೊಫೋನಿನವರಿಗೆ ಒಂದು ಬಗೆಯ ಪರೀಕ್ಷೆಯಾಯಿತು. ಅದು ಎಡವಿಸುವ ಹಾಡೂ ಹೌದು: ಹುಡುಗನಾಗಿದ್ದಾಗ ಕಾನ್ಸಸ್ ಸಿಟಿಯಲ್ಲಿ ಇದನ್ನು ದುಪ್ಪಟ್ಟು ಕಾಲದಲ್ಲಿ ನುಡಿಸಲು ಹೋಗಿ, ಎಲ್ಲರೂ ನಕ್ಕಾಗ ಮನೆಗೆ ಹೋಗಿ ಅತ್ತು, ಮೂರು ತಿಂಗಳು ವಾದ್ಯ ಮುಟ್ಟಲಿಲ್ಲವೆಂದು ಹೇಳಿಕೊಂಡವರು ಬೇರಾರೂ ಅಲ್ಲ, ಮುಂದೆ ಜಾಝ್‌ನ ಅತಿ ದೊಡ್ಡ ಸ್ಯಾಕ್ಸೊಫೋನ್ ವಾದಕರಲ್ಲಿ ಒಬ್ಬರಾದ ಚಾರ್ಲಿ ಪಾರ್ಕರ್. ಹಾಕಿನ್ಸರಂತೆ ನುಡಿಸಿದರೆ ನಕಲು, ಅವರನ್ನು ಮರೆತು ನುಡಿಸಿದರೆ ಅಜ್ಞಾನ ಎಂಬ ಇಕ್ಕಟ್ಟಿನಿಂದ ಒಬ್ಬೊಬ್ಬರು ಹೇಗೆ ಪಾರಾದರೆಂಬುದೇ ನನ್ನ ಆಸಕ್ತಿ. ಡ್ಯೂಕ್ ಎಲಿಂಗ್ಟನ್ 1940ರಲ್ಲಿ ಸ್ಯಾಕ್ಸೊಫೋನನ್ನೇ ಕೈಬಿಟ್ಟು, ತಾವು ಪಿಯಾನೊದಲ್ಲಿ ಹಿಂದೆ ಸರಿದು, ಜಿಮ್ಮಿ ಬ್ಲಾಂಟನ್ ಎಂಬ ಇಪ್ಪತ್ತೊಂದರ ಹುಡುಗನ ಬೇಸ್ ವಾದ್ಯಕ್ಕೆ ಹಾಡನ್ನು ಒಪ್ಪಿಸಿದರು. 1958ರಲ್ಲಿ ಸಾನಿ ರಾಲಿನ್ಸ್ ಪಿಯಾನೊ, ಬೇಸ್, ಡ್ರಮ್ಸ್ ಎಲ್ಲವನ್ನೂ ಹೊರಗಿಟ್ಟು ಒಂಟಿ ಸ್ಯಾಕ್ಸೊಫೋನಿನಲ್ಲಿ ನುಡಿಸಿದರು. ಹಾಕಿನ್ಸ್ ಕೊನೆಯಲ್ಲಿ ಕೆಲವು ಕ್ಷಣ ಒಬ್ಬರೇ ಉಳಿದಿದ್ದರೆ, ಇವರು ಉದ್ದಕ್ಕೂ ಒಬ್ಬರೇ. ಎಡ್ಡಿ ಜೆಫರ್ಸನ್ ಹಾಕಿನ್ಸರ ವಾದನದ ಸ್ವರಗಳಿಗೇ ಪದ ಹೊಸೆದು ಹಾಡಿದರು, 1979ರಲ್ಲಿ ಮ್ಯಾನ್‌ಹ್ಯಾಟನ್ ಟ್ರಾನ್ಸ್‌ಫರ್ ಎಂಬ ಗಾಯಕರ ತಂಡ ಅದನ್ನು ಮುಂದುವರಿಸಿತು. ಜಾಣತನ ಮೆಚ್ಚುವಂಥದ್ದೇ, ಆದರೆ ಮತ್ತೆ ಮತ್ತೆ ಕೇಳಬೇಕೆನ್ನಿಸುವುದಿಲ್ಲ.

ಗಾಯಕಿಯರ ದಾರಿ ಬೇರೆ. ಅವರು ಸಾಹಿತ್ಯವನ್ನು ಬಿಟ್ಟು ಓಡುವಂತಿಲ್ಲ. ಸಾರಾ ವಾನ್ 1942ರಲ್ಲಿ ಹಾರ್ಲೆಮ್ಮಿನ ಅಪೊಲೊ ರಂಗಮಂದಿರದ ಹವ್ಯಾಸಿಗಳ ಸ್ಪರ್ಧೆಯಲ್ಲಿ ಗೆದ್ದು ಬೆಳಕಿಗೆ ಬಂದದ್ದು ಇದೇ ಹಾಡಿನಿಂದ. ಬಿಲ್ಲಿ ಹಾಲಿಡೇ ಇದನ್ನು 1940ರಲ್ಲೂ 1957ರಲ್ಲೂ ಮುದ್ರಿಸಿದ್ದಾರೆ. ಮೊದಲನೆಯದರಲ್ಲಿ ದೂರು ಇದೆ. ಎರಡನೆಯದರಲ್ಲಿ ಗಂಟಲು ಸವೆದಿದೆ, ಪದಗಳು ತಾಳದ ಹಿಂದೆ ಹಿಂದೆಯೇ ಕಾಲೆಳೆಯುತ್ತವೆ, ದೂರುವ ಆಸೆಯೂ ಉಳಿದಿಲ್ಲ. ಎರಡನ್ನೂ ಬೆನ್ನುಬೆನ್ನಿಗೆ ಕೇಳಿದವರು 'ಒಂದು ಸಾಲದೇ' ಎಂದು ನನ್ನನ್ನು ಮತ್ತೆ ಕೇಳಿಲ್ಲ. 2011ರ ಮಾರ್ಚಿನಲ್ಲಿ ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ 84 ವರ್ಷದ ಟೋನಿ ಬೆನೆಟ್ ಅವರ ಜೊತೆ 27 ವರ್ಷದ ಏಮಿ ವೈನ್‌ಹೌಸ್ ಹಾಡಿದ್ದೂ ಇದನ್ನೇ. ಜುಲೈನಲ್ಲಿ ಆಕೆ ತೀರಿಕೊಂಡರು; ಅದು ಅವರ ಕೊನೆಯ ಧ್ವನಿಮುದ್ರಣವಾಗಿ, ಮರುವರ್ಷ ಗ್ರ್ಯಾಮಿ ಪಡೆಯಿತು.

ಹಾಗಾದರೆ ಹೊಸಬರು ಎಲ್ಲಿಂದ ಆರಂಭಿಸಬೇಕು? ಮೊದಲು ಹಾಲಿಡೇ ಅವರ 1940ರದ್ದನ್ನು ಕೇಳಿ ಧಾಟಿಯನ್ನು ಬಾಯಿಪಾಠ ಮಾಡಿಕೊಳ್ಳಿ, ಎರಡು ದಿನ ಗುನುಗಿ. ಅದು ನಾಲಿಗೆಯ ಮೇಲಿರುವಾಗ ಹಾಕಿನ್ಸರನ್ನು ಕೇಳಿ, ಮನಸ್ಸಿನಲ್ಲೇ ಹಾಡನ್ನು ಜೊತೆಗೆ ಹಾಡಿಕೊಳ್ಳಿ; ಅವರು ಎಲ್ಲಿ ದಾರಿ ಬಿಟ್ಟರು, ಎಲ್ಲಿ ಪಕ್ಕದಲ್ಲೇ ನಡೆಯುತ್ತಿದ್ದಾರೆ ಎಂಬುದು ಆಗ ತಾನಾಗಿ ತಿಳಿಯುತ್ತದೆ. ಮೂರನೆಯದಾಗಿ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ 1960ರಲ್ಲಿ ಮುದ್ರಿಸಿದ್ದು. ಮ್ಯಾಕಾಯ್ ಟೈನರ್ ಅವರ ಪಿಯಾನೊ ಒಂದೇ ಆಕೃತಿಯನ್ನು ಸುತ್ತಿಸುತ್ತದೆ, ಬೇಸ್ ಒಂದೇ ಸ್ವರದ ಮೇಲೆ ಊರಿ ನಿಲ್ಲುತ್ತದೆ, ವಿರಹದ ವಿಳಂಬ ಹೋಗಿ ನಡಿಗೆ ಚುರುಕಾಗುತ್ತದೆ. ಇದನ್ನು ಮಾವನಿಗೆ ಕೇಳಿಸಿದ ದಿನ ಅವರು ಬೇಸ್ ನಿಂತ ಸ್ವರವನ್ನು ಕೂಡಲೇ ಪತ್ತೆ ಹಚ್ಚಿ, 'ಇವನು ನಮ್ಮವನು ನೋಡು, ಶ್ರುತಿ ಇಟ್ಟುಕೊಂಡಿದ್ದಾನೆ' ಎಂದು ಎಡಗೈಯಲ್ಲಿ ತಿದಿ ಹಾಕುತ್ತಾ ಅದೇ ಮನೆಯನ್ನು ಒತ್ತಿ ಹಿಡಿದರು. ಹದಿನಾರು ಬಾರ್ ತಲೆದೂಗಿದರು. ಬ್ರಿಜ್ ಬಂತು. ತಿದಿ ನಿಂತಿತು.