ನಿಂತ್ರೆ ಸಾಕು ಅಂದರು

ಆಯುಧ ಪೂಜೆಗೆ ಕಾರು ತೊಳೆದು, ಬಾನೆಟ್ ಮೇಲೆ ಚೆಂಡು ಹೂವಿನ ಹಾರ ಹಾಕಿ, ಟಾಪ್ ತೆಗೆದು ಅಂಗಳದಲ್ಲಿ ನಿಲ್ಲಿಸಿದ್ದೆವು. ಮರುದಿನ ಅವರು ಬಂದರು. ಹೊರಗಿನವರಲ್ಲ, ನಮ್ಮ ಕಡೆಯವರೇ, ದೂರದ ನೆಂಟರು. ಇಲ್ಲೇ ಕೊಡಗಿನ ನಾಪೋಕ್ಲು ಕಡೆ ಹೋಂಸ್ಟೇ ಮಾಡಿಕೊಂಡಿದ್ದಾರೆ. ಕಾಫಿ ಕುಡಿದರು, ಕಾರಿನ ಸುತ್ತ ನಿಧಾನಕ್ಕೆ ಒಂದು ಸುತ್ತು ಬಂದರು, ಆಮೇಲೆ ನೇರವಾಗಿ ಕೇಳಿದರು.

“ಕೊಡ್ತೀರಾ ಇದನ್ನ?”

ಯಾಕೆ ಅಂದೆ.

“ಗೇಟ್ ಹತ್ರ ಹುಲ್ಲಿನ ಮೇಲೆ ನಿಲ್ಲಿಸ್ತೇನೆ. ಹೀಗೇ ಹೂ ಹಾಕಿ. ಬಂದವರು ಒಳಗೆ ಕೂತು ಫೋಟೋ ತೆಗೀತಾರೆ. ಓಡದಿದ್ರೂ ಪರವಾಗಿಲ್ಲ, ನಿಂತ್ರೆ ಸಾಕು. ಇಂಜಿನ್ ಬೇಕಾದ್ರೆ ನೀವೇ ಇಟ್ಕೊಳ್ಳಿ.”

ಅಕ್ಕನ ಮಗಳು ಪಕ್ಕದಲ್ಲೇ ಇದ್ದಳು. “ಓಡ್ತದಲ್ಲಾ?” ಅಂದಳು.

“ಓಡ್ತದೆ ಅಂತ ಗೊತ್ತು ಮಗಾ. ಓಡೋದು ಬೇಡ ಅಂತ ಹೇಳಿದ್ದು.”

ಅವರು ಒಳ್ಳೆ ಬೆಲೆಯನ್ನೇ ಹೇಳಿದರು. ನಾನು ಕೊಡೋದಿಲ್ಲ ಅಂದೆ, ಅವರು ನಕ್ಕು, ಯೋಚನೆ ಮಾಡಿ ಅಂತ ಹೇಳಿ ಹೋದರು. ಮುಗಿಯಿತು, ಜಗಳ ಏನೂ ಆಗಲಿಲ್ಲ. ಆದರೆ ಆ ಒಂದು ಮಾತು ಈ ವಾರ ಪೂರ್ತಿ ನನ್ನ ತಲೆಯಿಂದ ಇಳಿದಿಲ್ಲ. ತೋಟದಲ್ಲಿ ಕಳೆ ತೆಗೆಸುವಾಗ, ರಾತ್ರಿ ಮಲಗುವಾಗ, ಹಲ್ಲುಜ್ಜುವಾಗ ಕೂಡ. ಓಡೋದು ಬೇಡ. ನಿಂತ್ರೆ ಸಾಕು.

ಯಾವ ಕಾರು ಅಂತ ಹೇಳಿಬಿಡುತ್ತೇನೆ, ಸ್ಯಾನ್ ಸ್ಟಾರ್ಮ್. ತುಂಬಾ ಜನ ನೋಡಿರೋದಿಲ್ಲ. ಬೆಂಗಳೂರಿನ ಸ್ಯಾನ್ ಕಂಪನಿ 1990ರ ದಶಕದ ಕೊನೆಯಲ್ಲಿ ತಂದ ಎರಡು ಸೀಟಿನ ಓಪನ್ ಕಾರು, ಗೋವಾದಲ್ಲಿ ತಯಾರಾಗುತ್ತಿತ್ತು. ಕಬ್ಬಿಣದ ಫ್ರೇಮ್ ಮೇಲೆ ಫೈಬರ್ ಬಾಡಿ. ಒಳಗೆ ಫ್ರಾನ್ಸಿನ ರೆನೋ ಕಂಪನಿಯ 1149 ಸಿಸಿ ಪೆಟ್ರೋಲ್ ಇಂಜಿನ್, ಸುಮಾರು 60 ಕುದುರೆ ಶಕ್ತಿ. ಇವತ್ತಿನ ಲೆಕ್ಕದಲ್ಲಿ ಅದು ಸಣ್ಣ ಹ್ಯಾಚ್‌ಬ್ಯಾಕಿನ ಇಂಜಿನ್ ಅಷ್ಟೇ. ಆದರೆ ಕಾರೇ ಹಗುರ, ಒಂದು ಟನ್ನಿಗಿಂತ ಎಷ್ಟೋ ಕಡಿಮೆ. ಆ ಹಗುರದಲ್ಲೇ ಎಲ್ಲಾ ಇರೋದು.

ಇಂಥ ಕಾರುಗಳ ಹಿಂದೆ ಒಂದು ಹಳೆ ಯೋಚನೆ ಇದೆ. ಬ್ರಿಟನ್ನಿನಲ್ಲಿ ಎಂಜಿ, ಟ್ರಯಂಫ್, ಲೋಟಸ್ ಕಂಪನಿಗಳು ದಶಕಗಳ ಕಾಲ ಇದನ್ನೇ ಮಾಡಿದವು. ದೊಡ್ಡ ಇಂಜಿನ್ ಬೇಡ, ದೊಡ್ಡ ದುಡ್ಡೂ ಬೇಡ, ಇಬ್ಬರು ಕೂರಲಿ, ಮೇಲೆ ಬಟ್ಟೆಯ ಟಾಪ್ ಇರಲಿ, ತಿರುವಿನಲ್ಲಿ ಖುಷಿ ಕೊಡಲಿ. ಎಂಜಿಯವರ ಎಂಜಿಬಿ ಕಾರಿನ ತಯಾರಿ 1980ರಲ್ಲಿ ನಿಂತಿತು. ಅಲ್ಲಿಗೆ ಈ ಯೋಚನೆಯೇ ಸತ್ತಿತು ಅಂತ ಎಲ್ಲರೂ ಅಂದುಕೊಂಡಿದ್ದಾಗ 1989ರಲ್ಲಿ ಜಪಾನಿನ ಮಜ್ದಾ ಎಂಎಕ್ಸ್-5 ಬಂತು, 1.6 ಲೀಟರ್ ಇಂಜಿನ್, ಹಿಂದಿನ ಚಕ್ರಕ್ಕೆ ಡ್ರೈವ್. 2016ರ ಹೊತ್ತಿಗೆ ಅದು ಹತ್ತು ಲಕ್ಷ ದಾಟಿತು. ಹತ್ತು ಲಕ್ಷ ಜನ ಎರಡೇ ಸೀಟಿನ, ಸಾಮಾನು ಹಿಡಿಯದ ಕಾರು ತಗೊಂಡರು ಅಂದ್ರೆ ಅದರಲ್ಲಿ ಏನೋ ಇದೆ ಅಲ್ವಾ? ಅದು ನಮ್ಮಲ್ಲಿಗೆ ಮಾರಾಟಕ್ಕೆ ಬರಲಿಲ್ಲ. ನಮಗೆ ಸಿಕ್ಕಿದ್ದು ಸ್ಟಾರ್ಮ್. ಇದಕ್ಕೆ ಡ್ರೈವ್ ಮುಂದಿನ ಚಕ್ರಕ್ಕೆ. ಆದರೆ ಯೋಚನೆ ಅದೇ. ಯಾರೋ ಬೆಂಗಳೂರಿನಲ್ಲಿ ಕೂತು ನಮ್ಮ ರಸ್ತೆಗೂ ಇಂಥದ್ದೊಂದು ಬೇಕು ಅಂತ ಮನಸ್ಸು ಮಾಡಿದರಲ್ಲ, ಆ ಧೈರ್ಯ ನನಗೆ ಇವತ್ತಿಗೂ ಇಷ್ಟ.

ಕೊಡಗಿನಲ್ಲಿ ಇದನ್ನು ಇಟ್ಟುಕೊಳ್ಳೋದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲಿ ಮನೆಮನೆಯಲ್ಲೂ ಜೀಪು. ಜೀಪಿಗೆ ಕಾಫಿ ಚೀಲ ಹಾಕಬಹುದು, ಗೊಬ್ಬರ ಹಾಕಬಹುದು, ಗದ್ದೆಗೆ ಇಳಿಸಬಹುದು. ಸ್ಟಾರ್ಮಿನಲ್ಲಿ ಒಂದು ಚೀಲ ಅಕ್ಕಿ ತರಬೇಕಾದರೆ ಅದನ್ನು ಪಕ್ಕದ ಸೀಟಿನಲ್ಲಿ ಕೂರಿಸಬೇಕು. ಜೂನ್ ಮೊದಲ ಮಳೆಗೆ ಕಾರು ಶೆಡ್ಡಿಗೆ ಹೋಗುತ್ತದೆ. ಸೆಪ್ಟೆಂಬರ್ ಕಳೆಯುವವರೆಗೆ ಅಲ್ಲೇ. ಭಾಗಮಂಡಲದ ಕಡೆ ವರ್ಷಕ್ಕೆ 5000 ಮಿಲಿಮೀಟರ್ ದಾಟುವುದು ಅಪರೂಪ ಅಲ್ಲ, ನಮ್ಮ ಮೂರ್ನಾಡಿನಲ್ಲಿ ಅಷ್ಟು ಇಲ್ಲದಿದ್ದರೂ ಆ ತಿಂಗಳುಗಳಲ್ಲಿ ಬೆಲ್ಟು, ಚಪ್ಪಲಿ, ಪುಸ್ತಕ ಎಲ್ಲಕ್ಕೂ ಬೂಸ್ಟು ಹಿಡಿಯುತ್ತದೆ. ಇನ್ನು ಬಟ್ಟೆಯ ಟಾಪ್ ಬಿಟ್ಟೀತೇ? ಸೀಟಿನ ಕೆಳಗೆ ಇದ್ದಿಲು ಇಡುತ್ತೇವೆ. ಬ್ಯಾಟರಿ ಕಳಚಿ ಒಳಗೆ ತರುತ್ತೇವೆ. ಇಲಿ ವಯರು ಕಡಿಯದ ಹಾಗೆ ಬಾನೆಟ್ ತೆರೆದೇ ಇಡುತ್ತೇವೆ. ಬಿಸಿಲು ಬಂದ ದಿನ ಮನೆಯವರು ಒಲೆ ಬಿಟ್ಟು ಬಂದು ಕಾರಿನ ಬಾಗಿಲು ತೆಗೆದಿಟ್ಟು ಹೋಗುತ್ತಾರೆ, ಯಾರೂ ಹೇಳಬೇಕಾಗಿಲ್ಲ.

ಫೈಬರ್ ಬಾಡಿ ಈ ಊರಿಗೆ ವರ. ತುಕ್ಕು ಹಿಡಿಯೋದಿಲ್ಲ. ಬಡಿದರೆ ಮಾತ್ರ ನೆಗ್ಗೋದಿಲ್ಲ, ಸೀಳುತ್ತದೆ. ಅದನ್ನು ರೆಸಿನ್ ಮತ್ತು ಫೈಬರ್ ಮ್ಯಾಟ್ ಹಾಕಿ ಕೂಡಿಸಬೇಕು, ಸಾಮಾನ್ಯ ಟಿಂಕರಿಂಗ್‌ನವರಿಗೆ ಬರೋದಿಲ್ಲ. ನಮ್ಮ ಮೆಕ್ಯಾನಿಕ್ ಅದನ್ನು ತಾನೇ ಕಲಿತುಕೊಂಡರು. ಬೇರಿಂಗು, ಹೋಸು, ಕ್ಲಚ್ ಕೇಬಲ್ಲು, ಎಲ್ಲವನ್ನೂ ಅಳತೆ ತೆಗೆದು ಹೊಂದುವುದನ್ನು ಹುಡುಕಿ ಹಾಕುತ್ತಾರೆ. ಇಂಥವರಿಗೆ ಸಿಗಬೇಕಾದ ಮರ್ಯಾದೆ ಸಿಗೋದಿಲ್ಲ ಅನ್ನುವ ಸಿಟ್ಟು ನನಗಿದೆ. ಈ ಕಾರು ಇವತ್ತೂ ರಸ್ತೆಯಲ್ಲಿದೆ ಅಂದ್ರೆ ಅದು ಅವರ ಕೈ. ಹದಿನೈದು ವರ್ಷ ದಾಟಿದ ಗಾಡಿ, ಐದು ವರ್ಷಕ್ಕೊಮ್ಮೆ ಆರ್‌ಸಿ ಹೊಸದು ಮಾಡಿಸಬೇಕು. ಆರ್‌ಟಿಓ ಮುಂದೆ ಅದು ಓಡಿ ತೋರಿಸಬೇಕು, ಬ್ರೇಕ್ ಹಿಡಿಯಬೇಕು, ದೀಪ ಉರಿಯಬೇಕು. ಇಷ್ಟೆಲ್ಲಾ ಮಾಡೋದು ಯಾಕೆ? ಓಡಲಿ ಅಂತ.

ಈ ಸಲ ಮಳೆ ಹಿಂದೆಗೆದ ಮೇಲೆ ಹೊರಗೆ ತೆಗೆದಾಗ ನಾಪೋಕ್ಲು ದಾಟಿ ಅಯ್ಯಂಗೇರಿ ಮೇಲೆ ಭಾಗಮಂಡಲಕ್ಕೆ ಹೋಗಿದ್ದೆವು. ಪಕ್ಕದಲ್ಲಿ ಅಕ್ಕನ ಮಗಳು. ಆ ರಸ್ತೆಯಲ್ಲಿ ನೇರ ಅನ್ನೋದೇ ಕಡಿಮೆ. ಎರಡನೇ ಗೇರು, ಮೂರನೇ ಗೇರು, ಮತ್ತೆ ಎರಡು. ವೇಗ ನಲವತ್ತೋ ಐವತ್ತೋ ಇರುತ್ತದೆ, ಅದಕ್ಕಿಂತ ಜಾಸ್ತಿ ಅಲ್ಲಿ ಯಾರೂ ಹೋಗಬಾರದು. ಆದರೆ ಈ ಕಾರಿನಲ್ಲಿ ಕೂರೋದು ಗದ್ದೆ ಬದುವಿನ ಮೇಲೆ ಕಾಲು ಚಾಚಿ ಕೂತ ಹಾಗೆ, ನೆಲ ಅಷ್ಟು ಹತ್ತಿರ. ನಲವತ್ತೇ ಸಾಕು, ಮೈಯೆಲ್ಲಾ ಎಚ್ಚರ. ಸ್ಟೀರಿಂಗ್ ಸ್ವಲ್ಪ ತಿರುಗಿಸಿದರೆ ಮೂತಿ ಕೂಡಲೇ ತಿರುಗುತ್ತದೆ. ಒದ್ದೆ ಎಲೆ ಬಿದ್ದ ಕಡೆ ಚಕ್ರ ಎಷ್ಟು ಹಿಡಿಯುತ್ತಿದೆ ಅಂತ ಕೈಗೇ ಗೊತ್ತಾಗುತ್ತದೆ. ಮುಚ್ಚಿದ ಕಾರಿನಲ್ಲಿ ಏಸಿ ಹಾಕಿಕೊಂಡು ಹೋದರೆ ಕಾಣೋದು ರಸ್ತೆ ಮಾತ್ರ. ಇದರಲ್ಲಿ ವಾಸನೆಯೇ ದಾರಿ ಹೇಳುತ್ತದೆ. ಇಲ್ಲಿ ಏಲಕ್ಕಿ ತೋಟ, ಇಲ್ಲಿ ಹೊಳೆ ಹತ್ತಿರ ಬಂತು, ಇಲ್ಲಿ ಯಾರದೋ ಮನೆಯಲ್ಲಿ ಹಂದಿ ಸಾರಿಗೆ ಕಾಚಂಪುಳಿಯ ಕಪ್ಪು ಹುಳಿ ಬಿತ್ತು. ಮಾರ್ಚ್ ಹೊತ್ತಿಗೆ ಹೂಮಳೆ ಬಿದ್ದು ಕಾಫಿ ಹೂ ಬಿಟ್ಟಾಗ ಟಾಪ್ ತೆಗೆದು ಹೋಗಬೇಕು, ಆ ಘಮ ನಾನು ಬರೆದು ಹೇಳೋಕಾಗೋದಿಲ್ಲ. ಡಿಸೆಂಬರಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ನೀರಿನ ನಾತವೂ ಬರುತ್ತದೆ, ಬಸ್ಸಿನ ಹೊಗೆ ನೇರವಾಗಿ ಮುಖಕ್ಕೇ ಬರುತ್ತದೆ. ಅದೂ ಊರೇ.

ಎಚ್ಚರಗಳೂ ಇವೆ. ತಿತಿಮತಿ, ಸಿದ್ದಾಪುರ, ಮಾಲ್ದಾರೆ ಕಡೆ ಸಂಜೆ ಆದ ಮೇಲೆ ನಾವು ಇದನ್ನು ಒಯ್ಯುವುದಿಲ್ಲ, ಆನೆ ಮುಂದೆ ಬಟ್ಟೆಯ ಟಾಪು ಏನೂ ಅಲ್ಲ. ತಿರುವಿನಲ್ಲಿ ಎದುರಿನ ಲಾರಿಯವರಿಗೆ ಇಷ್ಟು ತಗ್ಗಿನ ಕಾರು ಕಾಣೋದಿಲ್ಲ, ಹಗಲಲ್ಲೂ ದೀಪ ಹಾಕಿ ಹಾರ್ನ್ ಮಾಡಬೇಕು. ಏರ್‌ಬ್ಯಾಗ್ ಇಲ್ಲ. ಹಂಪ್ ಬಂದರೆ ಓರೆಯಾಗಿ ದಾಟಿಸಬೇಕು, ಇಲ್ಲದಿದ್ದರೆ ಹೊಟ್ಟೆ ಉಜ್ಜುತ್ತದೆ.

ಮತ್ತೆ ಒಂದು ವಿಷಯ, ಇದು ಟಾಪ್ ಇಲ್ಲದ ಕಾರಿನಲ್ಲಿ ಮಾತ್ರ ಗೊತ್ತಾಗುವಂಥದ್ದು. ರಸ್ತೆ ಪಕ್ಕದ ಬರೆ, ಅಂದ್ರೆ ಗುಡ್ಡದ ಕಡಿದಾದ ಮಗ್ಗುಲು, ಮೇಲಿನ ತುದಿಯವರೆಗೆ ಕಾಣುತ್ತದೆ. ಮುಚ್ಚಿದ ಕಾರಿನಲ್ಲಿ ಬರೆಯ ಬುಡ ಕಾಣುತ್ತದೆ ಅಷ್ಟೇ. ಇದರಲ್ಲಿ ತಲೆ ಎತ್ತಿದರೆ ಎಲ್ಲಿ ಗುಡ್ಡ ಕಡಿದು ಮಟ್ಟ ಮಾಡಿದ್ದಾರೆ, ಎಲ್ಲಿ ಅದರ ಅಂಚಿಗೆ ಕಂಬ ನೆಟ್ಟು ಗಾಜಿನ ಕೋಣೆ ಕಟ್ಟುತ್ತಿದ್ದಾರೆ, ಎಲ್ಲಾ ಕಾಣುತ್ತದೆ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿದ್ದನ್ನು ನೋಡಿದವರು ನಾವು. ಮನೆ ಕಳೆದುಕೊಂಡವರು ನಮ್ಮ ಪರಿಚಯದವರು. ಆದರೂ ಕಡಿಯೋದು ನಿಂತಿಲ್ಲ. ವ್ಯೂ ಬೇಕಲ್ಲ.

ಆ ನೆಂಟರ ಬಗ್ಗೆ ಹೇಳಬೇಕು. ಕೆಟ್ಟವರಲ್ಲ. ಕಷ್ಟಪಟ್ಟವರು. ಕರಿಮೆಣಸು ಬಳ್ಳಿ ಕೊಳೆತ ವರ್ಷ, ಕಾಫಿ ಬೆಲೆ ನೆಲ ಕಚ್ಚಿದ ವರ್ಷ ಹೋಂಸ್ಟೇ ಇಲ್ಲದಿದ್ದರೆ ತೋಟ ಮಾರಬೇಕಿತ್ತು ಅಂತ ಅವರೇ ಹೇಳಿದ್ದಾರೆ, ಅದು ನಿಜ. ಅವರ ಮನೆಯ ಊಟ ಚೆನ್ನಾಗಿರುತ್ತದೆ. ಆದರೆ ಅವರ ಮನೆಗೆ ಹೋದರೆ ಹಳೆ ನೇಗಿಲು ಗೋಡೆಗೆ ಹತ್ತಿದೆ. ಒನಕೆಗೆ ವಾರ್ನಿಷ್ ಹೊಡೆದಿದ್ದಾರೆ. ಎತ್ತಿನ ಗಾಡಿಯ ಚಕ್ರ ಗೇಟಿನ ಪಕ್ಕ ನಿಂತಿದೆ, ದೀಪದ ಸರ ಸುತ್ತಿಕೊಂಡು. ಮನೆ ಮುಂದಿನ ಗದ್ದೆ ಎಷ್ಟೋ ಸಮಯದಿಂದ ಪಾಳು. ನಾಟಿ ಮಾಡೋಕೆ ಜನ ಸಿಗೋದಿಲ್ಲ ಅನ್ನುತ್ತಾರೆ, ಅದೂ ನಿಜವೇ. ಆದರೆ ನೇಗಿಲು ಗೋಡೆ ಹತ್ತಿದ್ದಕ್ಕೂ ಗದ್ದೆ ಪಾಳು ಬಿದ್ದಿದ್ದಕ್ಕೂ ಸಂಬಂಧ ಇಲ್ಲ ಅಂತ ಹೇಗೆ ಹೇಳೋದು? ಮೊದಲು ಕೆಲಸ ನಿಲ್ಲುತ್ತದೆ. ಆಮೇಲೆ ವಸ್ತು ಚಂದ ಕಾಣೋಕೆ ಶುರುವಾಗುತ್ತದೆ. ಆಮೇಲೆ ಅದರ ಪಕ್ಕ ಯಾರಾದರೂ ನಿಂತು ಫೋಟೋ ತೆಗೆಸಿಕೊಂಡರೆ ಅದು ಉಳಿಯಿತು ಅಂದುಕೊಳ್ಳುತ್ತೇವೆ.

ಓಡೋದು ಬೇಡ, ನಿಂತ್ರೆ ಸಾಕು. ಅವರು ಹೇಳಿದ್ದು ಕಾರಿಗೆ. ಇಡೀ ಕೊಡಗಿಗೇ ಈಗ ಹಾಗೆ ಹೇಳುತ್ತಿದ್ದಾರೇನೋ ಅನ್ನಿಸಿ ನನಗೆ ಸಂಕಟ ಆಯಿತು. ಮಂಜು ಇರಲಿ, ಕಾಫಿ ಗಿಡ ಇರಲಿ, ಹೊಳೆ ಇರಲಿ, ನೋಡೋಕೆ. ಅಲ್ಲಿ ಬದುಕು ನಡೆಯಲೇಬೇಕು ಅಂತಿಲ್ಲ.

ನಮ್ಮಲ್ಲಿ ಪೂಜೆ ಅಂದ್ರೆ ಹಾಗಲ್ಲ. ಸೆಪ್ಟೆಂಬರ್ ಮೊದಲಲ್ಲಿ ಕೈಲ್ ಮುಹೂರ್ತ, ಕೊಡಗಿನ ಆಯುಧದ ಹಬ್ಬ, ಬರುತ್ತದೆ. ನಾಟಿ ಕೆಲಸ ಮುಗಿಸಿ ಕೋವಿ, ಕತ್ತಿ ಎಲ್ಲಾ ಇಟ್ಟು, ತೋಕ್ ಪೂವು, ಅಂದ್ರೆ ಕೋವಿ ಹೂವು, ಸಿಕ್ಕಿಸಿ ಪೂಜೆ ಮಾಡುತ್ತಾರೆ. ಪೂಜೆ ಆದ ಮೇಲೆ ಕೋವಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡೋದಿಲ್ಲ. ಹೊರಗೆ ತಂದು ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ, ಯಾರ ಗುರಿ ಚೆನ್ನಾಗಿದೆ ನೋಡೋಣ ಅಂತ. ಹೂ ಹಾಕೋದು ಮತ್ತೆ ಕೆಲಸಕ್ಕೆ ಕರೆಯೋಕೆ. ನಮ್ಮ ಕಾರಿಗೆ ಹಾರ ಹಾಕಿದ್ದೂ ಅದಕ್ಕೇ. ಅವರಿಗೆ ಅದು ಅಲಂಕಾರವಾಗಿ ಕಂಡಿತು.

ನಿನ್ನೆ ಅವರ ಫೋನ್ ಮತ್ತೆ ಬಂತು, ಬೆಲೆ ಇನ್ನೂ ಸ್ವಲ್ಪ ಏರಿಸಿದರು. ನಾನು ಹೇಳಿದೆ, ಓಡಿಸೋಕೆ ಬೇಕಾದರೆ ಯಾವತ್ತು ಬೇಕಾದರೂ ಬನ್ನಿ, ಕೀಲಿ ಕೊಡುತ್ತೇನೆ, ತಲಕಾವೇರಿವರೆಗೆ ಹೋಗಿ ಬನ್ನಿ, ಪೆಟ್ರೋಲ್ ನನ್ನದೇ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, “ಟಾಪ್ ತೆಗೆದು ಹೋದ್ರೆ ಚಳಿ ಆಗ್ತದಾ?” ಅಂತ ಕೇಳಿದರು. ಆಗ್ತದೆ, ಸ್ವೆಟರ್ ಹಾಕಿಕೊಳ್ಳಿ ಅಂದೆ.

ಭಾನುವಾರ ಬೆಳಿಗ್ಗೆ ಬರುತ್ತಾರಂತೆ. ಪಕ್ಕದ ಸೀಟಿಗೆ ಅಕ್ಕನ ಮಗಳನ್ನು ಕೂರಿಸುತ್ತೇನೆ. ಹಂಪ್ ಹೇಗೆ ಓರೆಯಾಗಿ ದಾಟಿಸಬೇಕು ಅಂತ ಅವಳಿಗೆ ನನ್ನಷ್ಟೇ ಗೊತ್ತು.