ಯೂರಿಯಾ ಚೀಲದೊಳಗಿನ ಗ್ಯಾಸು

45 ಕೆಜಿ ಯೂರಿಯಾ ಚೀಲದಲ್ಲಿ ಸಾರಜನಕ ಇರುವುದು 20.7 ಕೆಜಿ. ಅದೇನೋ ಗಾಳಿಯಲ್ಲೇ ಸಿಗುತ್ತದೆ; ಅಮೋನಿಯಾ ಮಾಡಲು ಅದಕ್ಕೆ ಕೂಡಿಸುವ ಜಲಜನಕ ಮಾತ್ರ ನೈಸರ್ಗಿಕ ಅನಿಲದಿಂದ ಬರಬೇಕು, ಅದರಲ್ಲಿ ದೊಡ್ಡ ಪಾಲು ಹಡಗಿನಲ್ಲಿ ಬರುವ ಆಮದು ಮಾಲು. ಮಂಗಳೂರು ಪಣಂಬೂರಿನ ಗೊಬ್ಬರ ಕಾರ್ಖಾನೆ ಎಂಸಿಎಫ್ ಮೊದಲು ಕಚ್ಚಾ ತೈಲದಿಂದ ಬರುವ ನಾಫ್ತಾ ಬಳಸುತ್ತಿತ್ತು, ಕೊಚ್ಚಿ ಪೈಪ್‌ಲೈನ್ ಬಂದ ಮೇಲೆ ಗ್ಯಾಸಿಗೆ ಬದಲಾಯಿತು. ಎರಡೂ ನೆಲದಡಿಯ ಇಂಧನವೇ ಬಿಡಿ.

ಇಷ್ಟು ದೂರದಿಂದ ಬಂದದ್ದನ್ನು ನೀರು ನಿಂತ ಗದ್ದೆಗೆ ಎರಚಿದರೆ ಒಳ್ಳೆಯ ಪಾಲು ಅಮೋನಿಯಾ ಆಗಿ ಹಾರಿಹೋಗುತ್ತದೆ. ಬಿಸಿಲು, ಗಾಳಿ ಜೋರಿದ್ದರೆ ಇನ್ನೂ ಹೆಚ್ಚು. ಮೇಲುಗೊಬ್ಬರ ಕೊಡುವ ಮೊದಲು ನೀರು ಬಸಿಯಬೇಕು. ಕೆಸರಿನ ಮೇಲೆ ಹಾಕಿ, ಕಳೆ ತೆಗೆಯುವ ಕೋನೋವೀಡರ್ ಓಡಿಸಿ ಮಣ್ಣಿಗೆ ಸೇರಿಸಿ, ಒಂದೆರಡು ದಿನ ಬಿಟ್ಟು ಮತ್ತೆ ನೀರು ಕಟ್ಟಬೇಕು. ಬದುವಿನ ಏಡಿ ಬಿಲ ಮುಚ್ಚದಿದ್ದರೆ ಇಷ್ಟೆಲ್ಲ ಮಾಡಿಯೂ ಗೊಬ್ಬರ ನೀರಿನ ಜೊತೆ ಪಕ್ಕದ ಗದ್ದೆಗೆ.